ವಕ್ರರೇಖೆಯನ್ನು ಗಣಕಯಂತ್ರವು ಹೇಗೆ ಬರೆಯುತ್ತದೆ?

ಕನ್ನಡ ವರ್ಣಮಾಲೆಯ ಮೇಲೆ ಒಮ್ಮೆ ಕಣ್ಣಾಡಿಸಿದರೆ ಒಂದು ಸಂಗತಿ ತಾನಾಗಿ ಮನಸ್ಸಿಗೆ ಬರುತ್ತದೆ. ಅದರಲ್ಲಿ ನೇರವಾದ ಗೆರೆಗಳು ಬಹಳ ವಿರಳ. ‘ರ’ ಎಂಬುದು ತಲೆಕಟ್ಟನ್ನು ಹೊತ್ತ ಒಂದು ದುಂಡು. ‘ಅ’ ಎಂಬುದು ಒಳಕ್ಕೆ ಸುತ್ತಿಕೊಂಡ ಸುರುಳಿ. ಅನುಸ್ವಾರವಂತೂ ಬರಿಯ ಸೊನ್ನೆ. ತಾಳೆಗರಿಯ ಮೇಲೆ ಉಕ್ಕಿನ ಕಂಟದಿಂದ ನೇರ ಗೆರೆ ಎಳೆದರೆ ಗರಿಯು ನಾರಿನ ಜಾಡಿನಲ್ಲಿ ಸೀಳಿಹೋಗುತ್ತಿತ್ತು, ಆದುದರಿಂದಲೇ ನಮ್ಮ ಲಿಪಿ ದುಂಡಾಯಿತು ಎಂದು ಹೇಳುವುದುಂಟು. ಕಾರಣವೇನೇ ಇರಲಿ, ಕನ್ನಡವನ್ನು ಬರೆಯುವುದೆಂದರೆ ಬಾಗಿದ ಗೆರೆಗಳನ್ನು ಬರೆಯುವುದೇ ಸರಿ.

ಗಣಕಯಂತ್ರದ ಸ್ವಭಾವವಾದರೋ ಇದಕ್ಕೆ ತೀರ ವಿರುದ್ಧವಾದುದು. ಅದಕ್ಕೆ ಕಣ್ಣಿಲ್ಲ, ಕೈಯಿಲ್ಲ. ಅದು ಬಲ್ಲುದು ಅಂಕಿಗಳನ್ನು ಮಾತ್ರ. ಅದರ ತೆರೆಯಾದರೂ ಚದುರಂಗದ ಹಾಸಿನಂತೆ ಸಣ್ಣ ಸಣ್ಣ ಚೌಕಗಳಿಂದ ಆದುದು. ಅಂತಹ ಯಂತ್ರವು ‘ರ’ಕಾರದ ದುಂಡನ್ನು ಎಲ್ಲಿಯೂ ಮುರಿಯದಂತೆ, ಬೇಕಾದಷ್ಟು ಚಿಕ್ಕದಾಗಿ ಬೇಕಾದಷ್ಟು ದೊಡ್ಡದಾಗಿ ಬರೆದು ತೋರಿಸುತ್ತದೆ. ಇದು ಹೇಗೆ ಸಾಧ್ಯವಾಯಿತು? ಉತ್ತರವು ಪ್ರೌಢಶಾಲೆಯ ವಿದ್ಯಾರ್ಥಿಯೂ ಅಳತೆಪಟ್ಟಿ ಹಿಡಿದು ಪರೀಕ್ಷಿಸಿಕೊಳ್ಳಬಹುದಾದಷ್ಟು ಸರಳವಾಗಿದೆ.

ಕಲ್ಲಿನ ಮೇಲೆ ಬರೆದ ಕನ್ನಡ

ಯಂತ್ರಕ್ಕೆ ನಮ್ಮ ಅಕ್ಷರಗಳನ್ನು ಒಪ್ಪಿಸುವ ಸಮಸ್ಯೆ ಹೊಸದಲ್ಲ. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗರು ೧೮೪೩ನೆಯ ಇಸವಿ ಜುಲೈ ೧ರಂದು ಹೊರತಂದರು. ಅದು ಅಚ್ಚಾದುದು ಸೀಸದ ಮೊಳೆಗಳಿಂದಲ್ಲ, ಕಲ್ಲಚ್ಚಿನಿಂದ. ಜಿಡ್ಡಿನ ಮಸಿಯಿಂದ ಕೈಯಲ್ಲಿ ಬರೆದ ಬರಹವನ್ನು ನುಣುಪಾದ ಕಲ್ಲಿನ ಮೇಲೆ ಮೂಡಿಸಿ, ಕಲ್ಲಿಗೆ ನೀರು ಸವರಿ, ಬಳಿಕ ಅಚ್ಚಿನ ಮಸಿಯನ್ನು ಉರುಳಿಸುತ್ತಾರೆ. ಎಣ್ಣೆಗೂ ನೀರಿಗೂ ಹೊಂದಿಕೆಯಿಲ್ಲವಷ್ಟೆ. ಮಸಿಯು ಬರಹವಿರುವಲ್ಲಿ ಮಾತ್ರ ಅಂಟುತ್ತದೆ, ಒದ್ದೆಯಾದ ಕಡೆ ಅಂಟುವುದಿಲ್ಲ. ಹೀಗೆ ಲೇಖಕನ ಕೈಬರಹದ ಬಳುಕು ಇದ್ದಂತೆಯೇ ಕಾಗದಕ್ಕೆ ಇಳಿಯುತ್ತದೆ. ದುಂಡಾದ ಅಕ್ಷರಗಳಿಗೂ ಅವುಗಳ ಅಡಿಯಲ್ಲಿ ಜೋಲುವ ಒತ್ತಕ್ಷರಗಳಿಗೂ ಇದು ಬಹಳ ಅನುಕೂಲವಾದ ವಿಧಾನ.

ಇದೇ ಮೊಗ್ಲಿಂಗರು ೧೮೫೩ರಲ್ಲಿ ಕೊಡಗಿಗೆ ಬಂದು ನೆಲೆಸಿ, ಈ ನಾಡನ್ನು ಕುರಿತು ಬರೆದ ಇಂಗ್ಲಿಷ್ ಗ್ರಂಥವನ್ನು ೧೮೫೫ರಲ್ಲಿ ಪ್ರಕಟಿಸಿದರು. ಕೊಡಗಿನಲ್ಲಿ ಕನ್ನಡ ಲಿಪಿಯ ಹೊಣೆ ಇಮ್ಮಡಿಯಾದುದು. ಅದು ಕನ್ನಡವನ್ನು ಮಾತ್ರವಲ್ಲದೆ ಕೊಡವ ಭಾಷೆಯನ್ನೂ ಹೊತ್ತು ನಡೆದಿದೆ. ನಡಿಕೇರಿಯಂಡ ಚಿಣ್ಣಪ್ಪನವರು ಜನಪದ ಹಾಡುಗಳನ್ನು ಸಂಗ್ರಹಿಸಿ ೧೯೨೪ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯೂ ಹರದಾಸ ಅಪ್ಪಚ್ಚ ಕವಿಗಳ ನಾಟಕಗಳೂ ಈ ಲಿಪಿಯಲ್ಲಿಯೇ ಅಚ್ಚಾದುವು. ೨೦೧೧ರ ಜನಗಣತಿಯಲ್ಲಿ ಕೊಡವವನ್ನು ತಾಯ್ನುಡಿಯೆಂದು ಹೇಳಿಕೊಂಡವರ ಸಂಖ್ಯೆ ೧,೧೩,೮೫೭. ಇಷ್ಟು ಚಿಕ್ಕ ಸಮುದಾಯದ ಭಾಷೆಗೆ ತೆರೆಯ ಮೇಲೆ ಅಂದವಾದ ಅಕ್ಷರಗಳು ದೊರೆಯುವುದೂ ದೊರೆಯದಿರುವುದೂ ದೊಡ್ಡ ಉದ್ಯಮಗಳ ಕೃಪೆಯನ್ನೇ ನೆಚ್ಚಿಕೊಂಡಿರಬೇಕೆ? ಅಕ್ಷರವನ್ನು ಯಂತ್ರಕ್ಕೆ ತಿಳಿಸುವ ಕ್ರಮವನ್ನು ನಾವೇ ಕಲಿತರೆ ಹಾಗಿರಬೇಕಾಗಿಲ್ಲ. ಆ ಕ್ರಮವನ್ನು ಕಲಿಯುವುದೇ ಮುಂದಿನ ಪುಟಗಳ ಉದ್ದೇಶ.

ಚುಕ್ಕೆಗಳ ದಾರಿ ಮತ್ತು ಅದರ ಕೊರತೆ

ಯಂತ್ರಕ್ಕೆ ಅಕ್ಷರವನ್ನು ತಿಳಿಸುವ ಮೊದಲ ಉಪಾಯ ಚುಕ್ಕೆಗಳದು. ಅಂಗಳದ ರಂಗೋಲಿಯಂತೆ ೨೪ ಸಾಲು, ೨೪ ಕಂಬಗಳ ಚೌಕಳಿ ಹಾಕಿ, ಯಾವ ಮನೆ ಕಪ್ಪು ಯಾವುದು ಬಿಳುಪು ಎಂದು ಬರೆದಿಟ್ಟರಾಯಿತು. ಒಟ್ಟು ೫೭೬ ಮನೆಗಳು. ಆದರೆ ಈ ಅಕ್ಷರವನ್ನು ಹತ್ತು ಪಟ್ಟು ಹಿಗ್ಗಿಸಿದೊಡನೆ ದುಂಡು ಹೋಗಿ ಮೆಟ್ಟಿಲುಗಳು ಕಾಣತೊಡಗುತ್ತವೆ. ನುಣುಪು ಉಳಿಯಬೇಕಾದರೆ ಹೊಸದಾಗಿ ೨೪೦ ಸಾಲು, ೨೪೦ ಕಂಬಗಳನ್ನು ತುಂಬಬೇಕು. ಮನೆಗಳ ಸಂಖ್ಯೆ ೫೭,೬೦೦ ಆಗುತ್ತದೆ. ಅಂಗಡಿಯ ಹಲಗೆಯ ಅಳತೆಗೆ ಬೇರೆ, ಪುಸ್ತಕದ ಅಳತೆಗೆ ಬೇರೆ ಎಂದು ಪ್ರತಿಯೊಂದಕ್ಕೂ ಬೇರೆ ಬೇರೆ ಚೌಕಳಿ ಬೇಕಾಗುತ್ತದೆ.

ಈ ಕೊರತೆಗೆ ಮೂಲಕಾರಣವೇನು? ಚುಕ್ಕೆಗಳ ಪಟ್ಟಿಯು ಗೆರೆಯ ಫಲವನ್ನು ಮಾತ್ರ ನೆನಪಿಡುತ್ತದೆ, ಗೆರೆಯು ಬಾಗುವ ನಿಯಮವನ್ನಲ್ಲ. ನಿಯಮವನ್ನೇ ನೆನಪಿಟ್ಟುಕೊಂಡರೆ ಯಾವ ಅಳತೆಗೆ ಬೇಕಾದರೂ ಆಗಿಂದಾಗ ಲೆಕ್ಕ ಹಾಕಿ ಬರೆಯಬಹುದಲ್ಲವೆ?

ಮೋಟಾರು ಕಾರ್ಖಾನೆಯಿಂದ ಬಂದ ವಿದ್ಯೆ

ಆ ನಿಯಮವು ಹುಟ್ಟಿದುದು ಅಚ್ಚುಕೂಟದಲ್ಲಲ್ಲ, ಫ್ರಾನ್ಸ್ ದೇಶದ ಮೋಟಾರು ಕಾರ್ಖಾನೆಗಳಲ್ಲಿ. ಹಡಗು ಕಟ್ಟುವವರೂ ಮೋಟಾರಿನ ಮೈಯನ್ನು ರೂಪಿಸುವವರೂ ಹಿಂದೆ ಬಾಗುವ ತೆಳು ಪಟ್ಟಿಗಳಿಗೆ ಅಲ್ಲಲ್ಲಿ ಭಾರವಿಟ್ಟು ವಕ್ರರೇಖೆಗಳನ್ನು ಎಳೆಯುತ್ತಿದ್ದರು. ಆ ಗೆರೆಯನ್ನು ಅಂಕಿಗಳಿಂದ ನಡೆಯುವ ಕೊರೆಯುವ ಯಂತ್ರಕ್ಕೆ ತಿಳಿಸುವುದು ಹೇಗೆ? ೧೯೫೯ರಲ್ಲಿ ಸಿಟ್ರೊಯೆನ್ ಕಾರ್ಖಾನೆಯ ಪಾಲ್ ದ ಕಾಸ್ಟೆಲ್ಜೊ ಎಂಬ ಗಣಿತಜ್ಞನು ಇದಕ್ಕೊಂದು ಉಪಾಯವನ್ನು ಕಂಡುಹಿಡಿದನು. ಸಂಸ್ಥೆಯು ಅದನ್ನು ಗುಟ್ಟಾಗಿಟ್ಟಿತು. ೧೯೬೦ರ ದಶಕದಲ್ಲಿ ರೆನೊ ಕಾರ್ಖಾನೆಯ ಎಂಜಿನಿಯರ್ ಪಿಯೆರ್ ಬೆಜಿಯೆ ಸ್ವತಂತ್ರವಾಗಿ ಅದೇ ಬಗೆಯ ರೇಖೆಗಳನ್ನು ರೂಢಿಗೆ ತಂದು ಲೋಕಕ್ಕೆ ಪ್ರಕಟಿಸಿದನು. ಹೀಗಾಗಿ ರೇಖೆಗೆ ಬೆಜಿಯೆಯ ಹೆಸರು ಬಂದಿತು. ಅದನ್ನು ಬರೆಯುವ ಕ್ರಮಕ್ಕೆ ಮಾತ್ರ ದ ಕಾಸ್ಟೆಲ್ಜೊನ ಹೆಸರು ಉಳಿಯಿತು. ಇದರ ಬೇರಾದರೋ ಇನ್ನೂ ಹಿಂದಿನದು. ರಷ್ಯದ ಗಣಿತಜ್ಞ ಸೆರ್ಗೆಯ್ ಬರ್ನ್‌ಸ್ಟೈನ್ ೧೯೧೨ರಲ್ಲಿ ನಿರೂಪಿಸಿದ್ದ ಬಹುಪದೋಕ್ತಿಗಳೇ ಈ ರೇಖೆಗಳ ತಳಹದಿ. ೧೯೮೪ರಲ್ಲಿ ಅಡೋಬಿ ಸಂಸ್ಥೆಯು ಪೋಸ್ಟ್‌ಸ್ಕ್ರಿಪ್ಟ್ ಎಂಬ ಮುದ್ರಣದ ಯಂತ್ರಭಾಷೆಯಲ್ಲಿ ಇವುಗಳನ್ನು ಅಳವಡಿಸಿದ ಮೇಲೆ, ಮೋಟಾರಿನ ಮೈಗೆಂದು ಹುಟ್ಟಿದ ಗೆರೆ ಅಕ್ಷರಗಳ ಮೈಯನ್ನು ಸೇರಿತು.

ಕಾಗದದ ಮೇಲೆ ಒಂದು ಪ್ರಯೋಗ

ಓದುಗರು ಈಗ ಚೌಕುಳಿ ಕಾಗದವನ್ನೂ ಅಳತೆಪಟ್ಟಿಯನ್ನೂ ತೆಗೆದುಕೊಳ್ಳಲಿ. ಎಡ ಕೆಳಮೂಲೆಯಲ್ಲಿ ‘ಕ’ ಎಂಬ ಬಿಂದುವನ್ನು ಗುರುತಿಸಿ. ಅದರ ನೇರ ಮೇಲೆ ೮ ಸೆಂಟಿಮೀಟರ್ ಎತ್ತರದಲ್ಲಿ ‘ಖ’. ಅಲ್ಲಿಂದ ೮ ಸೆಂಟಿಮೀಟರ್ ಬಲಕ್ಕೆ ‘ಗ’. ಅದರ ನೇರ ಕೆಳಗೆ, ‘ಕ’ದ ಮಟ್ಟದಲ್ಲಿ ‘ಘ’. ಒಂದು ಚೌಕದ ನಾಲ್ಕು ಮೂಲೆಗಳು ದೊರೆತುವು. ಕ–ಖ, ಖ–ಗ, ಗ–ಘ ಎಂಬ ಮೂರು ಗೆರೆಗಳನ್ನು ಎಳೆಯಿರಿ.

ಈ ಮೂರು ಗೆರೆಗಳ ನಡುಬಿಂದುಗಳನ್ನು ಗುರುತಿಸಿ, ಅವನ್ನು ಕ್ರಮವಾಗಿ ಸೇರಿಸಿ. ಎರಡು ಗೆರೆಗಳಾಗುತ್ತವೆ. ಅವುಗಳ ನಡುಬಿಂದುಗಳನ್ನು ಗುರುತಿಸಿ ಸೇರಿಸಿ. ಒಂದು ಗೆರೆಯಾಗುತ್ತದೆ. ಅದರ ನಡುಬಿಂದುವನ್ನು ಗುರುತಿಸಿ. ಈ ಕೊನೆಯ ಬಿಂದುವು ‘ಕ’ದಿಂದ ೪ ಸೆಂಟಿಮೀಟರ್ ಬಲಕ್ಕೆ, ೬ ಸೆಂಟಿಮೀಟರ್ ಮೇಲೆ ಇರುವುದು. ಇದೇ ನಮ್ಮ ವಕ್ರರೇಖೆಯ ನೆತ್ತಿ.

ನಡುಬಿಂದುವಿಗೆ ಬದಲಾಗಿ ಪ್ರತಿ ಗೆರೆಯ ಕಾಲುಭಾಗದಲ್ಲಿ ಗುರುತು ಹಾಕಿ ಇದೇ ಕ್ರಮವನ್ನು ಅನುಸರಿಸಿದರೆ ರೇಖೆಯ ಮತ್ತೊಂದು ಬಿಂದು ದೊರೆಯುತ್ತದೆ. ಮುಕ್ಕಾಲು ಭಾಗದಲ್ಲಿ ಹಾಕಿದರೆ ಇನ್ನೊಂದು. ಹೀಗೆ ಏಳೆಂಟು ಬಿಂದುಗಳನ್ನು ಪಡೆದು ಪೆನ್ಸಿಲಿನಿಂದ ಸೇರಿಸಿದರೆ, ‘ಕ’ದಿಂದ ಹೊರಟು ‘ಘ’ವನ್ನು ಮುಟ್ಟುವ ಅಂದವಾದ ಕಮಾನು ಕಾಣುತ್ತದೆ. ಎಳೆದುದೆಲ್ಲ ನೇರವಾದ ಗೆರೆಗಳು, ಮೂಡಿದುದು ವಕ್ರರೇಖೆ!

ಎರಡು ಅಂಶಗಳನ್ನು ಇಲ್ಲಿ ಗಮನಿಸಬೇಕು. ರೇಖೆಯು ‘ಖ’ ಮತ್ತು ‘ಗ’ಗಳನ್ನು ಮುಟ್ಟುವುದಿಲ್ಲ, ಅವು ಅದನ್ನು ತಮ್ಮ ಕಡೆಗೆ ಸೆಳೆಯುತ್ತವೆ, ಅಷ್ಟೆ. ಮತ್ತು ರೇಖೆಯು ‘ಕ’ದಿಂದ ಹೊರಡುವಾಗ ‘ಖ’ದ ದಿಕ್ಕಿನಲ್ಲಿಯೇ ಹೊರಡುತ್ತದೆ, ‘ಘ’ವನ್ನು ಸೇರುವಾಗ ‘ಗ’ದ ದಿಕ್ಕಿನಿಂದಲೇ ಸೇರುತ್ತದೆ. ಚಿತ್ರ ಬರೆಯುವ ತಂತ್ರಾಂಶಗಳಲ್ಲಿ ಗೆರೆಯ ತುದಿಯಿಂದ ಕಡ್ಡಿಯಂತೆ ಚಾಚಿಕೊಂಡಿರುವ ಹಿಡಿಕೆಗಳನ್ನು ನೀವು ಕಂಡಿರಬಹುದು. ಕ–ಖ ಮತ್ತು ಗ–ಘ ಗೆರೆಗಳೇ ಆ ಹಿಡಿಕೆಗಳು. ಹಿಡಿಕೆಯ ದಿಕ್ಕು ರೇಖೆಯ ದಿಕ್ಕನ್ನೂ, ಹಿಡಿಕೆಯ ಉದ್ದವು ಸೆಳೆತದ ಬಲವನ್ನೂ ನಿರ್ಧರಿಸುತ್ತದೆ.

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದನ್ನೇ ಗುರುತ್ವಕೇಂದ್ರದ ಮಾತಿನಲ್ಲಿ ಹೇಳಬಹುದು. ರೇಖೆಯ ನಡುಬಿಂದುವನ್ನು ಪಡೆಯಲು ನಾಲ್ಕು ಬಿಂದುಗಳಲ್ಲಿ ಕ್ರಮವಾಗಿ ೧, ೩, ೩, ೧ ಎಂಬ ತೂಕಗಳನ್ನು ಇಟ್ಟಿರೆಂದು ಭಾವಿಸಿ. ಆ ಎಂಟು ತೂಕಗಳ ಗುರುತ್ವಕೇಂದ್ರವು ಮೇಲೆ ಕಂಡ ನೆತ್ತಿಯ ಬಿಂದುವೇ ಆಗಿರುತ್ತದೆ. ಎತ್ತರದ ಲೆಕ್ಕವನ್ನು ನೋಡಿ: ‘ಖ’ ಮತ್ತು ‘ಗ’ಗಳಲ್ಲಿರುವ ಆರು ತೂಕಗಳು ೮ ಸೆಂಟಿಮೀಟರ್ ಎತ್ತರದಲ್ಲಿವೆ, ಉಳಿದೆರಡು ನೆಲಮಟ್ಟದಲ್ಲಿವೆ, ೪೮ನ್ನು ೮ರಿಂದ ಭಾಗಿಸಿದರೆ ೬. ರೇಖೆಯ ಉದ್ದಕ್ಕೆ ಸಾಗಿದಂತೆ ಮೊದಲ ಬಿಂದುವಿನ ತೂಕ ಇಳಿಯುತ್ತ, ಕೊನೆಯ ಬಿಂದುವಿನ ತೂಕ ಏರುತ್ತ ಹೋಗುತ್ತದೆ. ಒಟ್ಟು ತೂಕ ಮಾತ್ರ ಬದಲಾಗುವುದಿಲ್ಲ. ಗುರುತ್ವಕೇಂದ್ರವು ತೂಕಗಳ ನಡುವೆಯೇ ಇರಬೇಕಾದುದರಿಂದ ರೇಖೆಯು ನಾಲ್ಕು ಬಿಂದುಗಳ ಆವರಣವನ್ನು ದಾಟಿ ಹೊರಗೆ ಅಲೆಯಲಾರದು. ಬರೆಯುವವನಿಗೆ ಇದೊಂದು ದೊಡ್ಡ ಭರವಸೆ.

ಯಂತ್ರವು ಈ ಕೆಲಸವನ್ನು ಮಾಡುವ ಬಗೆಯೂ ಸ್ವಾರಸ್ಯವಾಗಿದೆ. ನಡುಬಿಂದುಗಳ ಕ್ರಮವು ರೇಖೆಯನ್ನು ಎರಡು ತುಂಡು ಮಾಡುತ್ತದೆ. ಪ್ರತಿ ತುಂಡೂ ತನ್ನದೇ ನಾಲ್ಕು ಬಿಂದುಗಳುಳ್ಳ ಅದೇ ಜಾತಿಯ ರೇಖೆ. ಆ ತುಂಡುಗಳನ್ನು ಮತ್ತೆ ಎರಡೆರಡು ಮಾಡಬಹುದು. ಒಂದೊಂದು ಸಲ ಒಡೆದಾಗಲೂ ತುಂಡಿನ ಉಬ್ಬು ಸುಮಾರಾಗಿ ನಾಲ್ಕನೆಯ ಒಂದಂಶಕ್ಕೆ ಇಳಿಯುತ್ತದೆ. ಐದು ಸಲ ಒಡೆದರೆ ೩೨ ತುಂಡುಗಳು; ನಮ್ಮ ಚಿತ್ರದಲ್ಲಿ ೬ ಸೆಂಟಿಮೀಟರ್ ಇದ್ದ ಉಬ್ಬು ಆಗ ಒಂದು ಮಿಲಿಮೀಟರಿನ ಹತ್ತನೆಯ ಒಂದಂಶಕ್ಕೂ ಕಡಿಮೆಯಾಗಿರುತ್ತದೆ. ಆ ತುಂಡುಗಳನ್ನು ನೇರ ಗೆರೆಗಳೆಂದೇ ಎಣಿಸಿ ಎಳೆದರೂ ಕಣ್ಣಿಗೆ ಭೇದ ತಿಳಿಯದು. ಕೂಡುವುದು, ಎರಡರಿಂದ ಭಾಗಿಸುವುದು – ಇವೆರಡನ್ನು ಬಿಟ್ಟು ಬೇರೆ ಲೆಕ್ಕವೇ ಇಲ್ಲಿ ಬೇಕಾಗಿಲ್ಲ. ಯಂತ್ರಕ್ಕೆ ಇದಕ್ಕಿಂತ ಸುಲಭವಾದ ಕೆಲಸ ಯಾವುದು?

ಎಸೆದ ಕಲ್ಲೂ ಅಚ್ಚಿನ ಅಕ್ಷರವೂ

ನಾಲ್ಕರ ಬದಲು ಮೂರೇ ಬಿಂದುಗಳನ್ನು ತೆಗೆದುಕೊಂಡು ಇದೇ ಪ್ರಯೋಗವನ್ನು ಮಾಡಿದರೆ ದೊರೆಯುವ ರೇಖೆ ನಮಗೆ ಹಳೆಯ ಪರಿಚಯದ್ದು. ಅದು ಪರವಲಯ. ಕಾವೇರಿಯ ದಡದಲ್ಲಿ ನಿಂತು ಕಲ್ಲೊಂದನ್ನು ಓರೆಯಾಗಿ ಮೇಲಕ್ಕೆ ಎಸೆದರೆ, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದಲ್ಲಿ, ಅದು ಸಾಗುವ ದಾರಿಯೇ ಪರವಲಯ. ಎಸೆದ ದಿಕ್ಕಿನಲ್ಲಿ ಒಂದು ನೇರ ಗೆರೆಯನ್ನೂ, ಕಲ್ಲು ಬೀಳುವ ದಿಕ್ಕಿನಿಂದ ಹಿಂದಕ್ಕೆ ಇನ್ನೊಂದು ಗೆರೆಯನ್ನೂ ಎಳೆದರೆ ಅವು ಮೇಲೆಲ್ಲೋ ಸಂಧಿಸುತ್ತವೆ. ಆ ಸಂಧಿಯೇ ನಡುವಣ ಬಿಂದು. ಎಸೆದ ಎಡೆಯೂ ಬಿದ್ದ ಎಡೆಯೂ ಒಂದೇ ಮಟ್ಟದಲ್ಲಿದ್ದರೆ, ಕಲ್ಲು ಏರಿದ ಎತ್ತರದ ಸರಿಯಾಗಿ ಎರಡರಷ್ಟು ಎತ್ತರದಲ್ಲಿ ಆ ಬಿಂದು ಇರುತ್ತದೆ.

ಆಪಲ್ ಸಂಸ್ಥೆಯು ೧೯೯೧ರಲ್ಲಿ ಬಳಕೆಗೆ ತಂದ ಟ್ರೂಟೈಪ್ ಎಂಬ ಪದ್ಧತಿಯಲ್ಲಿ ಅಕ್ಷರಗಳ ಹೊರರೇಖೆಗಳನ್ನು ಕಟ್ಟುವುದು ಈ ಮೂರು ಬಿಂದುಗಳ ರೇಖೆಗಳಿಂದಲೇ. ಆ ಪದ್ಧತಿಯ ಫಾಂಟಿನಲ್ಲಿರುವ ಪ್ರತಿಯೊಂದು ಕನ್ನಡ ಅಕ್ಷರದ ಬಳುಕೂ ಎಸೆದ ಕಲ್ಲುಗಳ ದಾರಿಯ ತುಂಡುಗಳನ್ನು ಸೇರಿಸಿ ಹೊಲಿದುದು ಎಂದರೆ ಅತಿಶಯೋಕ್ತಿಯಲ್ಲ! ಪೋಸ್ಟ್‌ಸ್ಕ್ರಿಪ್ಟ್ ಮನೆತನದ ಫಾಂಟುಗಳು ನಾಲ್ಕು ಬಿಂದುಗಳ ರೇಖೆಗಳನ್ನು ಬಳಸುತ್ತವೆ. ಒಂದು ಅಕ್ಷರಕ್ಕೆ ೩೦ ಬಿಂದುಗಳು ಬೇಕಾದುವೆಂದು ಇಟ್ಟುಕೊಂಡರೂ ೬೦ ಅಂಕಿಗಳಲ್ಲಿ ಅಕ್ಷರ ಮುಗಿಯಿತು. ಚುಕ್ಕೆಗಳ ೫೭,೬೦೦ ಮನೆಗಳೊಡನೆ ಇದನ್ನು ಹೋಲಿಸಿ ನೋಡಿ. ಈ ೬೦ ಅಂಕಿಗಳನ್ನು ಹತ್ತರಿಂದ ಗುಣಿಸಿದರೆ ಅಕ್ಷರ ಹತ್ತು ಪಟ್ಟಾಗುತ್ತದೆ. ನುಣುಪು ಕೊಂಚವೂ ಕೆಡುವುದಿಲ್ಲ.

ಸೊನ್ನೆಯನ್ನು ಬರೆಯುವುದು

ಇನ್ನು ಅನುಸ್ವಾರಕ್ಕೆ ಬರೋಣ. ಬೆಜಿಯೆಯ ಇಂತಹ ರೇಖೆಗಳಿಂದ ಪರಿಪೂರ್ಣವಾದ ವೃತ್ತವನ್ನು ಬರೆಯುವುದು ಅಸಾಧ್ಯ; ಎಷ್ಟು ತುಂಡುಗಳನ್ನು ಸೇರಿಸಿದರೂ ಅಷ್ಟೆ. ಆದರೂ ನಾಲ್ಕೇ ತುಂಡುಗಳಿಂದ ವೃತ್ತದ ಬಹು ಸಮೀಪಕ್ಕೆ ಹೋಗಬಹುದು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಒಂದೊಂದು ಗಂಟನ್ನು ಇಟ್ಟು, ಪ್ರತಿ ಹಿಡಿಕೆಯ ಉದ್ದವನ್ನು ತ್ರಿಜ್ಯದ ೦.೫೫೨೩ರಷ್ಟು ಮಾಡಿದರೆ ಪ್ರತಿ ತುಂಡಿನ ನಡುಬಿಂದುವೂ ವೃತ್ತದ ಮೇಲೆಯೇ ಬೀಳುತ್ತದೆ. ಉಳಿದೆಡೆಗಳಲ್ಲಿ ಆಗುವ ತಪ್ಪು ತ್ರಿಜ್ಯದ ಶೇಕಡ ೦.೦೨೭ಕ್ಕೆ ಸ್ವಲ್ಪ ಹೆಚ್ಚು. ೧೦ ಸೆಂಟಿಮೀಟರ್ ತ್ರಿಜ್ಯದ ಸೊನ್ನೆಯಲ್ಲಿ ಇದು ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ.

ಅಚ್ಚಿನ ಅನುಸ್ವಾರಕ್ಕೆ ದಪ್ಪವೂ ಉಂಟಷ್ಟೆ. ಆದುದರಿಂದ ಹೊರಗೊಂದು ವೃತ್ತ, ಒಳಗೊಂದು ವೃತ್ತ ಬೇಕು. ಒಂದನ್ನು ಬಲಸುತ್ತಾಗಿ, ಇನ್ನೊಂದನ್ನು ಎಡಸುತ್ತಾಗಿ ಬರೆಯುತ್ತಾರೆ. ಸುತ್ತಿನ ದಿಕ್ಕನ್ನು ನೋಡಿ ಯಂತ್ರವು ಎರಡರ ನಡುವಣ ಭಾಗಕ್ಕೆ ಮಸಿ ತುಂಬಿ, ಒಳಗನ್ನು ಖಾಲಿ ಬಿಡುತ್ತದೆ. ‘ರ’ಕಾರದ ಹೊಟ್ಟೆ ಬರಿದಾಗಿ ಕಾಣುವುದೂ ಇದೇ ಕಟ್ಟಳೆಯಿಂದ.

ಸಂಪಾಜೆಯ ತಿರುವು ಕಲಿಸುವ ಪಾಠ

ತುಂಡುಗಳನ್ನು ಬರೆಯುವುದು ಸುಲಭ. ಅವನ್ನು ಜೋಡಿಸುವುದರಲ್ಲಿ ಜಾಣ್ಮೆ ಇದೆ. ಸಂಪಾಜೆಯಿಂದ ಮಡಿಕೇರಿಗೆ ಏರುವ ಘಾಟಿಯ ರಸ್ತೆಯಲ್ಲಿ ಪ್ರಯಾಣ ಮಾಡಿದವರಿಗೆ ತಿರುವಿನ ಅನುಭವ ಹೊಸದಲ್ಲ. ನೇರ ರಸ್ತೆಯೊಂದು ತಟ್ಟನೆ ವೃತ್ತಖಂಡವಾಗಿ ಮಾರ್ಪಟ್ಟಿತೆಂದು ಭಾವಿಸಿ. ಜೋಡಣೆಯಲ್ಲಿ ಮೂಲೆಯಿಲ್ಲ, ಎರಡರ ದಿಕ್ಕೂ ಒಂದೇ. ಆದರೂ ಬಸ್ಸಿನಲ್ಲಿ ಕುಳಿತವರು ಆ ಕ್ಷಣದಲ್ಲಿ ಒಂದು ಪಕ್ಕಕ್ಕೆ ವಾಲುತ್ತಾರೆ. ಏಕೆಂದರೆ ಬಸ್ಸು ತಿರುಗಲು ಬೇಕಾದ ಬಲವು ವೇಗದ ವರ್ಗವನ್ನು ತಿರುವಿನ ತ್ರಿಜ್ಯದಿಂದ ಭಾಗಿಸಿದ ಲಬ್ಧಕ್ಕೆ ಅನುಗುಣವಾಗಿರುತ್ತದೆ. ನೇರ ರಸ್ತೆಯಲ್ಲಿ ಸೊನ್ನೆಯಾಗಿದ್ದ ಆ ಬಲವು ವೃತ್ತಖಂಡದ ಬಾಗಿಲಲ್ಲೇ ಪೂರ್ಣ ಪ್ರಮಾಣಕ್ಕೆ ಏರಬೇಕಾಗುತ್ತದೆ. ಇದನ್ನು ತಪ್ಪಿಸಲೆಂದೇ ರಸ್ತೆಯ ಎಂಜಿನಿಯರುಗಳು ವಕ್ರತೆಯು ಮೆಲ್ಲಮೆಲ್ಲನೆ ಏರುವ ಸಂಧಿರೇಖೆಯೊಂದನ್ನು ನಡುವೆ ಸೇರಿಸುತ್ತಾರೆ.

ಅಕ್ಷರದಲ್ಲಿಯೂ ಹೀಗೆಯೇ. ಗಂಟಿನ ಎರಡು ಹಿಡಿಕೆಗಳನ್ನು ಒಂದೇ ಸರಳರೇಖೆಯಲ್ಲಿ ಇಟ್ಟರೆ ದಿಕ್ಕು ಕೂಡಿಕೊಳ್ಳುತ್ತದೆ. ವಕ್ರತೆಯು ಕೂಡಿಕೊಂಡೇ ತೀರುತ್ತದೆಂಬ ನಿಯಮವಿಲ್ಲ. ವಕ್ರತೆಯು ಹಠಾತ್ತಾಗಿ ಬದಲಾದ ಕಡೆ ಓದುವವನ ಕಣ್ಣಿಗೆ ಹೇಳಲಾಗದ ಒಂದು ಎಡವು ತೋರುತ್ತದೆ. ಕೊಡವರ ಒಡಿಕತ್ತಿಯ ಚಿತ್ರವನ್ನು ಬರೆಯುವುದು ಇದಕ್ಕೆ ಒಳ್ಳೆಯ ಅಭ್ಯಾಸ. ಅಲಗಿನ ಬಾಗಿನಲ್ಲಿ ಹಿಡಿಕೆಗಳು ಒಂದೇ ಸಾಲಿನಲ್ಲಿರಬೇಕು, ಉದ್ದಗಳೂ ಹದವಾಗಿರಬೇಕು. ಮೊನೆಯಲ್ಲಿ ಮಾತ್ರ ಅವು ಬೇರೆ ಬೇರೆ ದಿಕ್ಕಿಗೆ ತಿರುಗಿರಬೇಕು. ಊದುವ ಕೊಂಬಿನ ಚಿತ್ರದಲ್ಲಿ ಹೊರರೇಖೆಗಳೆರಡೂ ಬಾಯಿಯ ಕಡೆಗೆ ಸಾಗಿದಂತೆ ಒಂದರಿಂದೊಂದು ದೂರವಾಗುತ್ತ ಹೋಗಬೇಕು.

ಹೊಸದಾಗಿ ಕಲಿಯುವವರು ಹತ್ತಿರ ಹತ್ತಿರವಾಗಿ ನಲವತ್ತು ಐವತ್ತು ಗಂಟುಗಳನ್ನು ಇಟ್ಟು ಗೆರೆಯನ್ನು ಕಾಡುವುದನ್ನು ನಾವು ಅನೇಕ ಸಲ ಕಂಡಿದ್ದೇವೆ. ಗಂಟು ಹೆಚ್ಚಿದಷ್ಟೂ ಎಡವು ಹೆಚ್ಚುತ್ತದೆ. ದುಂಡಿನ ತೀರ ಮೇಲೆ, ತೀರ ಕೆಳಗೆ, ತೀರ ಎಡಕ್ಕೆ, ತೀರ ಬಲಕ್ಕೆ ಒಂದೊಂದು ಗಂಟು. ಬಾಗು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳುವ ಎಡೆಯಲ್ಲಿ ಬೇಕಾದರೆ ಇನ್ನೊಂದು. ಉಳಿದುದನ್ನು ನಿಯಮಕ್ಕೆ ಬಿಡುವುದೇ ಲೇಸು.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ

ಇದಕ್ಕೆಲ್ಲ ಹಣ ತೆರಬೇಕಾಗಿಲ್ಲ. ೨೦೦೩ರಲ್ಲಿ ಆರಂಭವಾದ ಇಂಕ್‌ಸ್ಕೇಪ್ ಎಂಬ ಚಿತ್ರರಚನೆಯ ತಂತ್ರಾಂಶವೂ, ಅಕ್ಷರಗಳನ್ನು ರಚಿಸುವ ಫಾಂಟ್‌ಫೋರ್ಜ್ ಎಂಬುದೂ ಉಚಿತವಾಗಿ ದೊರೆಯುತ್ತವೆ. ನೋಟೊ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ, ಟಿರೊ ಕನ್ನಡ ಮೊದಲಾದ ಫಾಂಟುಗಳು ಮುಕ್ತ ಪರವಾನಗಿಯಲ್ಲಿ ಪ್ರಕಟವಾಗಿವೆ. ಅವುಗಳ ರೇಖೆಗಳನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಪರವಾನಗಿಯ ಕಟ್ಟಳೆಗಳಿಗೆ ಒಳಪಟ್ಟು ಹೊಸದನ್ನು ಹಂಚಬಹುದು.

ಇಂಕ್‌ಸ್ಕೇಪಿನಲ್ಲಿ ‘ರ’ ಎಂದು ದೊಡ್ಡದಾಗಿ ಬರೆದು, ‘ಪಾತ್’ ಪಟ್ಟಿಯಲ್ಲಿರುವ ‘ಆಬ್ಜೆಕ್ಟ್ ಟು ಪಾತ್’ ಎಂಬ ಆಜ್ಞೆಯನ್ನು ಕೊಡಿ. ಅಕ್ಷರವು ಪಠ್ಯವಾಗಿರುವುದನ್ನು ಬಿಟ್ಟು ಬರಿಯ ರೇಖೆಯಾಗುತ್ತದೆ. ಬಳಿಕ ಗಂಟುಗಳನ್ನು ತಿದ್ದುವ ಸಾಧನವನ್ನು ಹಿಡಿದು ಅದನ್ನು ಮುಟ್ಟಿದರೆ ಗಂಟುಗಳೂ ಹಿಡಿಕೆಗಳೂ ಎದ್ದು ತೋರುತ್ತವೆ. ಗಂಟುಗಳು ಎಷ್ಟೆಂದು ಎಣಿಸಿ. ಒಂದು ಹಿಡಿಕೆಯನ್ನು ಎಳೆದು, ಹೊಟ್ಟೆಯು ಹೇಗೆ ಉಬ್ಬುತ್ತದೆಂದು ನೋಡಿ. ಆಮೇಲೆ ಬಿಳಿಯ ಹಾಳೆಯ ಮೇಲೆ ನಿಮ್ಮದೇ ಒಂದು ‘ರ’ವನ್ನು ಅದಕ್ಕಿಂತ ಕಡಿಮೆ ಗಂಟುಗಳಿಂದ ಬರೆಯಲು ಯತ್ನಿಸಿ.

ಪೂರ್ಣವಾದ ಒಂದು ಕನ್ನಡ ಫಾಂಟಿಗೆ ಗುಣಿತಾಕ್ಷರಗಳೂ ಒತ್ತಕ್ಷರಗಳೂ ಸೇರಿ ನೂರಾರು ಆಕೃತಿಗಳು ಬೇಕಾಗುತ್ತವೆ. ಅದು ಒಬ್ಬರ ಒಂದು ದಿನದ ಕೆಲಸವಲ್ಲ. ಆದರೆ ಒಂದು ಕಾಲೇಜಿನ ವಿಜ್ಞಾನ ಸಂಘದ ಒಂದು ವರ್ಷದ ಕೆಲಸವಾಗಲು ಅಡ್ಡಿಯೇನೂ ಇಲ್ಲ. ಹಳೆಯ ಪುಸ್ತಕಗಳ ಮೊಳೆಯಚ್ಚಿನ ಅಕ್ಷರಗಳನ್ನೋ, ಮನೆಯ ಹಿರಿಯರ ಕೈಬರಹವನ್ನೋ ಮುಂದಿಟ್ಟುಕೊಂಡು, ಕನ್ನಡಕ್ಕೂ ಕೊಡವ ಭಾಷೆಗೂ ಒದಗುವಂತಹ ಅಕ್ಷರಗಳನ್ನು ಮಡಿಕೇರಿಯ, ವಿರಾಜಪೇಟೆಯ, ಸೋಮವಾರಪೇಟೆಯ ವಿದ್ಯಾರ್ಥಿಗಳು ರಚಿಸಬಹುದು. ಮೊಗ್ಲಿಂಗರ ಕಾಲದಲ್ಲಿ ಇದಕ್ಕೆ ಕಲ್ಲು, ಮಸಿ, ಅಚ್ಚಿನ ಯಂತ್ರ, ಹಡಗಿನಲ್ಲಿ ಬರಬೇಕಾದ ಸಾಮಗ್ರಿ ಇಷ್ಟೆಲ್ಲ ಬೇಕಾಗಿತ್ತು. ಈಗ ಬೇಕಾದುವು ಸಾಧಾರಣವಾದ ಒಂದು ಗಣಕ, ನಡುಬಿಂದುಗಳ ನಿಯಮ, ಮತ್ತು ನಮ್ಮ ಅಕ್ಷರಗಳ ಬಾಗನ್ನು ತಾಳ್ಮೆಯಿಂದ ನೋಡುವ ಕಣ್ಣು.